ತಿರುಮಣಿಯಿಂದ ತುಮಕೂರಿಗೆ, ಕಡಿಮೆ ಪೆಟ್ರೋಲಿನಲ್ಲಿ: ಹೊಸಬರಿಗೆ ಹಂತ ಹಂತವಾಗಿ ಮೈಲೇಜ್ ಪಾಠ

ಪಾವಗಡ ತಾಲ್ಲೂಕಿನ ತಿರುಮಣಿ ಕಡೆಯವರಿಗೆ ಯಾವ ಕೆಲಸವೂ ಹತ್ತಿರದಲ್ಲಿಲ್ಲ. ಸಣ್ಣಪುಟ್ಟದ್ದಕ್ಕೆ ಪಾವಗಡ, ಅದಕ್ಕಿಂತ ಸ್ವಲ್ಪ ದೊಡ್ಡದಾದರೆ ಮಧುಗಿರಿ, ಜಿಲ್ಲಾ ಕಚೇರಿ ಅಂದರೆ ತುಮಕೂರು. ಪಾವಗಡದಿಂದ ತುಮಕೂರಿಗೇ ನೂರು ಕಿಲೋಮೀಟರ್ ಹತ್ತಿರ ಹತ್ತಿರ. ಹೋಗಿ ಬರುವುದರಲ್ಲಿ ಪೆಟ್ರೋಲಿನ ಬಿಲ್ಲು ನೋಡಿ ಯಾರೋ ಹೇಳಿದ ಮ್ಯಾಗ್ನೆಟ್ಟನ್ನೋ, ಮಾತ್ರೆಯನ್ನೋ ಕೊಳ್ಳುವ ಯೋಚನೆ ಬಂದಿದ್ದರೆ ಸ್ವಲ್ಪ ತಡೆಯಿರಿ. ಮೈಲೇಜ್ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಅದು ನಿಮ್ಮ ಬಲಗಾಲಿನಲ್ಲಿದೆ, ಟೈರಿನ ಗಾಳಿಯಲ್ಲಿದೆ, ಮನೆಯಿಂದ ಹೊರಡುವ ಹೊತ್ತಿನಲ್ಲಿದೆ.

ಒಂದೊಂದು ತೊಟ್ಟನ್ನೂ ಲೆಕ್ಕ ಹಾಕಿ ಓಡಿಸುವ ಹುಚ್ಚರ ದೊಡ್ಡ ಗುಂಪೇ ಜಗತ್ತಿನಲ್ಲಿದೆ. ಅಮೆರಿಕದ ವೇನ್ ಗರ್ಡಿಸ್ ಎಂಬವರು ಇದಕ್ಕೆ ‘ಹೈಪರ್‌ಮೈಲಿಂಗ್’ ಅಂತ ಹೆಸರಿಟ್ಟರು. ಅವರ ಉಪಾಯಗಳಲ್ಲಿ ಕೆಲವು ನಮ್ಮ ರಸ್ತೆಗೆ ಹೇಳಿ ಮಾಡಿಸಿದಂತಿವೆ, ಕೆಲವು ನಮ್ಮ ಬಿಸಿಲಲ್ಲಿ ಇಂಜಿನ್ನನ್ನೇ ಕೊಲ್ಲುತ್ತವೆ. ಎರಡನ್ನೂ ನೋಡೋಣ. ಬಾನೆಟ್ ತೆರೆದು ನೋಡಿದವರೇ ಅಲ್ಲ ಅಂದರೂ ಭಯಪಡಬೇಡಿ, ಇಲ್ಲಿ ಸ್ಪ್ಯಾನರ್ ಹಿಡಿಯುವ ಕೆಲಸ ಇಲ್ಲ.

ಒಂದೇ ಷರತ್ತು: ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದು ಟ್ಯಾಂಕಿಗೆ ಒಂದು ಬದಲಾವಣೆ. ಇಲ್ಲದಿದ್ದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದೇ ಇಲ್ಲ.

ಮೊದಲು ಅಳತೆ

ಹಂತ 1: ಒಂದು ಚಿಕ್ಕ ನೋಟ್‌ಬುಕ್ ತೆಗೆದುಕೊಂಡು ಗ್ಲೋವ್ ಬಾಕ್ಸ್‌ನಲ್ಲಿಡಿ. ಪೆನ್ನನ್ನು ದಾರದಲ್ಲಿ ಅದಕ್ಕೇ ಕಟ್ಟಿ. ಮೊಬೈಲಿನಲ್ಲಿ ಬರೆದುಕೊಳ್ಳುತ್ತೇನೆ ಅಂದವರು ಎರಡನೇ ಸಲವೇ ಮರೆಯುತ್ತಾರೆ.

ಹಂತ 2: ಬಂಕ್‌ಗೆ ಹೋಗಿ ಫುಲ್ ಟ್ಯಾಂಕ್ ಮಾಡಿಸಿ. ನಾಝಲ್ ತಾನಾಗಿ ‘ಟಕ್’ ಅಂತ ನಿಂತ ಕೂಡಲೇ ನಿಲ್ಲಿಸಲು ಹೇಳಿ. ‘ಸಾರ್, ರೌಂಡ್ ಫಿಗರ್ ಮಾಡ್ಲಾ?’ ಅಂದರೆ ಬೇಡ ಅನ್ನಿ. ಕುತ್ತಿಗೆವರೆಗೆ ತುಂಬಿಸಿದರೆ ಅಳತೆಯೂ ಕೆಡುತ್ತದೆ, ಪೆಟ್ರೋಲಿನ ಆವಿ ಹಿಡಿದಿಡುವ ಕ್ಯಾನಿಸ್ಟರ್‌ಗೂ ಪೆಟ್ರೋಲ್ ನುಗ್ಗಿ ಅದು ಹಾಳಾಗುತ್ತದೆ.

ಹಂತ 3: ಓಡೋಮೀಟರ್ ಅಂಕಿ ಬರೆದುಕೊಳ್ಳಿ. ಟ್ರಿಪ್ ಮೀಟರ್ ಇದ್ದರೆ ಸೊನ್ನೆ ಮಾಡಿ.

ಹಂತ 4: ಮುನ್ನೂರು ಕಿಲೋಮೀಟರಾದರೂ ಎಂದಿನಂತೆಯೇ ಓಡಿಸಿ. ಈ ಸಲ ಏನನ್ನೂ ಬದಲಾಯಿಸಬೇಡಿ. ಆಮೇಲೆ ಅದೇ ಬಂಕ್‌ನಲ್ಲಿ, ಸಾಧ್ಯವಾದರೆ ಅದೇ ನಾಝಲ್‌ನಲ್ಲಿ, ಮತ್ತೆ ‘ಟಕ್’ ಅನ್ನುವವರೆಗೆ ತುಂಬಿಸಿ.

ಹಂತ 5: ಭಾಗಿಸಿ. 342 ಕಿ.ಮೀ. ಓಡಿ 18.6 ಲೀಟರ್ ಹಿಡಿದಿದ್ದರೆ ಲೀಟರಿಗೆ 18.4 ಕಿ.ಮೀ. ನಿಮ್ಮ ನಿಜವಾದ ಮೈಲೇಜ್ ಇದು. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ಬರೀ ಅಂದಾಜು, ಸಾಮಾನ್ಯವಾಗಿ ನಿಮ್ಮನ್ನು ಖುಷಿಪಡಿಸುವ ಕಡೆಗೇ ವಾಲಿರುತ್ತದೆ. ಕಂಪನಿಯವರು ಹೇಳುವ ಎಆರ್‌ಎಐ ಮೈಲೇಜ್ ಪ್ರಯೋಗಶಾಲೆಯ ರೋಲರ್ ಮೇಲೆ ಸಿಕ್ಕಿದ್ದು. ಅದಕ್ಕಿಂತ ನಿಮ್ಮದು ಕಡಿಮೆ ಬಂತು ಅಂತ ಗಾಡಿಯನ್ನು ಬೈಯಬೇಡಿ.

ಇಲ್ಲಿ ಹೊಸಬರು ಎಡವುವ ಎರಡು ಜಾಗಗಳಿವೆ. ಬರೀ ಹೋಗುವ ದಾರಿಯನ್ನು ಅಳೆಯುವುದು ಒಂದು. ಪಾವಗಡ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಸುಮಾರು 920. ಅಲ್ಲಿಯವರೆಗೆ ಹೋದರೆ ಗೊತ್ತೇ ಆಗದಂತೆ ನೀವು ಹತ್ತುತ್ತಿರುತ್ತೀರಿ. ಒಂದು ಟನ್ ತೂಕದ ಕಾರನ್ನು ಅಷ್ಟು ಮೇಲೆತ್ತಲು, ಲೆಕ್ಕ ಹಾಕಿ ನೋಡಿದರೆ, ಮೂರರಲ್ಲೊಂದು ಲೀಟರ್ ಪೆಟ್ರೋಲ್ ಹೆಚ್ಚುವರಿಯಾಗಿ ಬೇಕು. ಬರುವಾಗ ಅದರಲ್ಲಿ ಒಂದಿಷ್ಟು ವಾಪಸು ಸಿಗುತ್ತದೆ. ಹಾಗಾಗಿ ಹೋಗಿ ಬಂದದ್ದನ್ನು ಸೇರಿಸಿಯೇ ಅಳೆಯಬೇಕು.

ಎರಡನೆಯದು, ಇಂದಿನ ಅಂಕಿಯನ್ನು ಐದಾರು ವರ್ಷ ಹಿಂದಿನ ಅಂಕಿಗೆ ಹೋಲಿಸುವುದು. ಈಗ ಬಂಕ್‌ನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್. ಲೀಟರ್ ಲೆಕ್ಕದಲ್ಲಿ ಎಥನಾಲ್‌ನ ಶಕ್ತಿ ಪೆಟ್ರೋಲಿಗಿಂತ ಮೂರರಲ್ಲೊಂದು ಭಾಗ ಕಡಿಮೆ. ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಮೈಲೇಜ್ ಶೇ. 6–7ರಷ್ಟು ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಅಷ್ಟು ಇಳಿದಿದ್ದರೆ ಮೆಕ್ಯಾನಿಕ್ ಹತ್ತಿರ ಓಡಬೇಕಾಗಿಲ್ಲ.

ಬಂಕ್‌ನವರ ಅಳತೆ ಮೇಲೇ ಅನುಮಾನ ಬಂದರೆ? ಪ್ರತಿ ಬಂಕ್‌ನಲ್ಲೂ ಮುದ್ರೆ ಹಾಕಿದ 5 ಲೀಟರ್ ಅಳತೆಯ ಕ್ಯಾನ್ ಇರಲೇಬೇಕು. ‘ಅಳೆದು ತೋರಿಸಿ’ ಅಂತ ಕೇಳುವ ಹಕ್ಕು ನಿಮಗಿದೆ. ಜಗಳ ಆಡದೆ, ನಗುತ್ತಲೇ ಕೇಳಿ.

ನಿಂತ ಗಾಡಿಯಲ್ಲಿ ಮಾಡುವ ಕೆಲಸ

ಹಂತ 6: ಟೈರ್ ಗಾಳಿಯನ್ನು ಬೆಳಗ್ಗೆ, ಗಾಡಿ ತೆಗೆಯುವ ಮೊದಲು ನೋಡಿ. ಇದಕ್ಕಾಗಿ ಒಂದು ಟೈರ್ ಪ್ರೆಷರ್ ಗೇಜ್ ಕೊಂಡುಕೊಳ್ಳಿ. ಈ ಇಡೀ ಪಾಠದಲ್ಲಿ ದುಡ್ಡು ಹಾಕಲೇಬೇಕಾದ್ದು ಇದೊಂದಕ್ಕೆ. ಡ್ರೈವರ್ ಬಾಗಿಲು ತೆರೆದರೆ ಕಂಬಿಯ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ, ಎಷ್ಟು ಪಿಎಸ್‌ಐ ಬೇಕು ಅಂತ ಅದರಲ್ಲೇ ಬರೆದಿದೆ. ವಾಲ್ವ್‌ನ ಕ್ಯಾಪ್ ತಿರುಗಿಸಿ ತೆಗೆಯಿರಿ, ಗೇಜನ್ನು ನೇರವಾಗಿ ಒತ್ತಿ ಹಿಡಿಯಿರಿ, ಓದಿ, ಕ್ಯಾಪ್ ಮತ್ತೆ ಹಾಕಿ. ‘ಉಸ್’ ಅಂತ ಗಾಳಿ ಹೋಗುತ್ತಿದ್ದರೆ ಗೇಜ್ ಓರೆಯಾಗಿದೆ ಅಂತ ಅರ್ಥ, ಗಾಬರಿಯಾಗದೆ ಮತ್ತೆ ಒತ್ತಿ.

ಬೆಳಗ್ಗೆಯೇ ಯಾಕೆ ಅಂದರೆ, ಟೈರ್ ಬಿಸಿಯಾದಷ್ಟೂ ಒಳಗಿನ ಒತ್ತಡ ಏರುತ್ತದೆ. ಐದಾರು ಡಿಗ್ರಿಗೆ ಒಂದು ಪಿಎಸ್‌ಐ ಲೆಕ್ಕ. ಏಪ್ರಿಲ್ ಮಧ್ಯಾಹ್ನ ಪಾವಗಡದ ಡಾಂಬರು ರಸ್ತೆಯಲ್ಲಿ ಓಡಿ ಬಂದ ಟೈರ್ ಮೂರ್ನಾಲ್ಕು ಪಿಎಸ್‌ಐ ಜಾಸ್ತಿಯೇ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಟೈರ್ ಮೆತ್ತಗಾಗಿರುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಡಬೇಡಿ.

ಹೈಪರ್‌ಮೈಲಿಂಗ್‌ನವರು ಸ್ಟಿಕ್ಕರ್‌ಗಿಂತ ಹತ್ತು ಹದಿನೈದು ಪಿಎಸ್‌ಐ ಹೆಚ್ಚು ತುಂಬುತ್ತಾರೆ. ನಮಗೆ ಅದು ಬೇಡ. ಗಟ್ಟಿ ಟೈರ್ ಹಂಪ್ಸ್ ಮೇಲೆ ಕುಣಿಯುತ್ತದೆ, ಮಳೆಯಲ್ಲಿ ಜಾರುತ್ತದೆ, ನಡುಭಾಗ ಮಾತ್ರ ಸವೆಯುತ್ತದೆ. ಸ್ಟಿಕ್ಕರ್‌ನಲ್ಲಿ ಪೂರ್ತಿ ಲೋಡಿಗೆ ಅಂತ ಒಂದು ಹೆಚ್ಚಿನ ಅಂಕಿ ಕೊಟ್ಟಿರುತ್ತಾರೆ, ಅಲ್ಲಿಯವರೆಗೆ ಹೋಗಬಹುದು. ಪಂಚರ್ ಅಂಗಡಿಯವನು ‘ಅಣ್ಣ, ನಲವತ್ತು ಹೊಡೀಲಾ? ಗಾಡಿ ಹಗುರ ಓಡ್ತದೆ’ ಅಂದರೆ ಸ್ಟಿಕ್ಕರ್ ಅಂಕಿಯನ್ನೇ ಹೇಳಿ. ಒಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಇಳಿಯುವುದು ಶೇ. 0.2ರಷ್ಟು ಮಾತ್ರ. ನಿಜ, ಸಣ್ಣದು. ಆದರೆ ನಾಲ್ಕೂ ಟೈರಿನಲ್ಲಿ ಹತ್ತು ಹತ್ತು ಕಡಿಮೆ ಇಟ್ಟುಕೊಂಡು ಓಡಾಡುವವರು ಬೇಕಾದಷ್ಟು ಜನ ಇದ್ದಾರೆ.

ಹಂತ 7: ಚಕ್ರಗಳ ಬಿಸಿ ನೋಡಿ. ಇದು ಹಳೆಯ ಲಾರಿ ಡ್ರೈವರುಗಳಿಗೆ ಚೆನ್ನಾಗಿ ಗೊತ್ತಿರುವ ಉಪಾಯ. ಹತ್ತು ಕಿಲೋಮೀಟರ್ ಓಡಿಸಿ, ಕೊನೆಯಲ್ಲಿ ಜೋರಾಗಿ ಬ್ರೇಕ್ ಹಾಕದೆ ನಿಧಾನಕ್ಕೆ ನಿಲ್ಲಿಸಿ. ಇಳಿದು ಒಂದೊಂದೇ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ರಿಮ್‌ನಿಂದ ನಾಲ್ಕು ಬೆರಳು ದೂರದಲ್ಲಿ. ಎಡ ಬಲ ಒಂದೇ ಸಮನೆ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಕುದಿಯುತ್ತಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ, ಆ ಚಕ್ರದ ಬ್ರೇಕ್ ಹಿಡಿದುಕೊಂಡಿದೆ. ನೀವು ಬ್ರೇಕ್ ಒತ್ತಿಕೊಂಡೇ ಊರೆಲ್ಲ ಸುತ್ತುತ್ತಿದ್ದೀರಿ. ಮೆಕ್ಯಾನಿಕ್‌ಗೆ ‘ಈ ಚಕ್ರದ ಬ್ರೇಕ್ ಜಾಮ್ ಆಗ್ತಿದೆ’ ಅಂತ ತೋರಿಸಿ ಕೊಡಿ. ಎಚ್ಚರಿಕೆ: ಲೋಹವನ್ನು ಮುಟ್ಟಬೇಡಿ, ಚರ್ಮ ಅಂಟಿಕೊಳ್ಳುತ್ತದೆ.

ಹಂತ 8: ಡಿಕ್ಕಿ ಖಾಲಿ ಮಾಡಿ. ಹೋದ ಸುಗ್ಗಿಯ ಕಡಲೆಕಾಯಿ ಮೂಟೆ, ಪಂಪ್‌ಸೆಟ್ಟಿನ ಹಳೇ ಮೋಟಾರು, ಎರಡು ಕ್ಯಾನ್ ನೀರು, ಎಲ್ಲ ಇಳಿಸಿ. 45 ಕೆ.ಜಿ. ಹೆಚ್ಚುವರಿ ತೂಕ ಶೇ. 1ರಷ್ಟು ಮೈಲೇಜ್ ತಿನ್ನುತ್ತದೆ. ಸ್ಟೆಪ್ನಿ ಮತ್ತು ಜ್ಯಾಕ್ ಮಾತ್ರ ಇಳಿಸಬೇಡಿ. ಹೈಪರ್‌ಮೈಲಿಂಗ್‌ನವರು ಅವನ್ನೂ ಇಳಿಸುತ್ತಾರೆ. ಅವರು ನಾಗಲಮಡಿಕೆ ದಾರಿಯಲ್ಲಿ ರಾತ್ರಿ ಹತ್ತಕ್ಕೆ ಪಂಚರ್ ಆಗಿ ನಿಂತವರಲ್ಲ.

ಹಂತ 9: ಮೇಲಿನ ಕ್ಯಾರಿಯರ್ ಬಿಚ್ಚಿ. ವರ್ಷಕ್ಕೆ ಒಂದು ಸಲ ಹಾಸಿಗೆ ಸಾಗಿಸಲು ಅಂತ ಹಾಕಿದ್ದು ವರ್ಷವಿಡೀ ಗಾಳಿಗೆ ಅಡ್ಡ ನಿಂತಿರುತ್ತದೆ. ಮುಂದೆ ಬುಲ್ ಬಾರ್ ಇದ್ದರೆ ಅದನ್ನೂ ತೆಗೆಸಿ. 2017ರಿಂದ ಅದಕ್ಕೆ ನಿಷೇಧವಿದೆ, ದಂಡ ಬೇರೆ.

ಏರ್ ಫಿಲ್ಟರ್ ಬಗ್ಗೆ ಒಂದು ಮಾತು. ಜಲ್ಲಿ ಕ್ರಷರ್ ದೂಳು, ಮಣ್ಣು ರಸ್ತೆ ಇರುವ ಕಡೆ ಅದನ್ನು ಬೇಗ ಬೇಗ ಬದಲಾಯಿಸಬೇಕು, ಸರಿ. ಆದರೆ ಅದರಿಂದ ಮೈಲೇಜ್ ಏರುತ್ತದೆ ಅನ್ನುವುದು ಕಾರ್ಬುರೇಟರ್ ಕಾಲದ ಮಾತು. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ, ಫ್ಯೂಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರ್ ಪಿಕಪ್ ಕಡಿಮೆ ಮಾಡಿತೇ ಹೊರತು ಮೈಲೇಜ್ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಬೀರಲಿಲ್ಲ. ಇಂಜಿನ್ ಉಳಿಸಲು ಫಿಲ್ಟರ್ ಬದಲಿಸಿ, ಪೆಟ್ರೋಲ್ ಉಳಿಸಲು ಅಲ್ಲ.

ಈಗ ಬಲಗಾಲಿನ ಪಾಠ

ಹಂತ 10: ದಪ್ಪ ಅಟ್ಟೆಯ ಶೂ ಬಿಟ್ಟು ತೆಳು ಅಟ್ಟೆಯದ್ದನ್ನು ಹಾಕಿಕೊಳ್ಳಿ. ನಗಬೇಡಿ. ಆಕ್ಸಿಲರೇಟರ್ ಎಷ್ಟು ಒತ್ತಿದ್ದೇನೆ ಅನ್ನುವುದು ಪಾದಕ್ಕೆ ಗೊತ್ತಾಗಬೇಕು. ಸೇಫ್ಟಿ ಶೂ ಹಾಕಿಕೊಂಡು ಡ್ಯೂಟಿಗೆ ಹೋಗುವವರು ಗಾಡಿಯಲ್ಲಿ ಬೇರೆ ಜೊತೆ ಇಟ್ಟುಕೊಳ್ಳಿ. ಬಿಚ್ಚಿದ ಶೂ ಮಾತ್ರ ಹಿಂದಿನ ಸೀಟಿನ ಕೆಳಗೆ ಹೋಗಬೇಕು. ಕಾಲ ಬಳಿ ಇಟ್ಟರೆ ಉರುಳಿ ಬ್ರೇಕ್ ಪೆಡಲ್ ಅಡಿಗೆ ಸೇರುತ್ತದೆ. ಹಿಂಬದಿ ಪಟ್ಟಿಯಿಲ್ಲದ ಹವಾಯಿ ಚಪ್ಪಲಿಯೂ ಬೇಡ.

ಹಂತ 11: ಒಂದು ಸ್ಟೀಲ್ ಲೋಟಕ್ಕೆ ಮುಕ್ಕಾಲು ನೀರು ತುಂಬಿ ಕಪ್ ಹೋಲ್ಡರ್‌ನಲ್ಲಿಡಿ. ತುಳುಕದಂತೆ ಓಡಿಸಿ, ಇಷ್ಟೇ ಪಾಠ. ಟೊಯೋಟ ಕಂಪನಿಯವರು 2010ರಲ್ಲಿ ಸ್ವೀಡನ್‌ನಲ್ಲಿ ಇದೇ ಯೋಚನೆಯ ಮೇಲೆ ಒಂದು ಮೊಬೈಲ್ ಆ್ಯಪ್ ಮಾಡಿದ್ದರು, ಪರದೆ ಮೇಲೊಂದು ನೀರಿನ ಲೋಟ. ನಮಗೆ ಆ್ಯಪ್ ಯಾಕೆ, ಲೋಟ ಇದೆಯಲ್ಲ. ನೀರು ಎಲ್ಲಿ ತುಳುಕಿತು ಅಂತ ಗಮನಿಸಿ: ಗೇರ್ ಬದಲಿಸುವಾಗಲೋ, ಹಂಪ್ಸ್ ಹತ್ತಿರವೋ, ಬಸ್ಸಿನ ಹಿಂದೆಯೋ. ಪೆಟ್ರೋಲ್ ಪೋಲಾಗುತ್ತಿರುವ ಜಾಗವೂ ಅದೇ. ಲೋಟವನ್ನು ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಕಣ್ಣು ರಸ್ತೆ ಮೇಲಿರಲಿ. ಒಂದು ವಾರ ಸಾಕು, ಆಮೇಲೆ ಕಾಲಿಗೇ ಅಭ್ಯಾಸವಾಗುತ್ತದೆ.

ಹಂತ 12: ವೇಗ ಹೆಚ್ಚಿಸುವಾಗ ಆಕ್ಸಿಲರೇಟರನ್ನು ತುಸು ಗಟ್ಟಿಯಾಗಿಯೇ ಒತ್ತಿ, ಗೇರನ್ನು ಬೇಗ ಬೇಗ ಬದಲಿಸಿ. ಇದು ಎಲ್ಲರೂ ಹೇಳುವುದಕ್ಕೆ ತದ್ವಿರುದ್ಧ, ಗೊತ್ತು. ಮೊಟ್ಟೆ ಮೇಲೆ ಕಾಲಿಟ್ಟಂತೆ ಒತ್ತಿದರೆ ಪೆಟ್ರೋಲ್ ಇಂಜಿನ್ ಮುಚ್ಚಿದ ಬಾಯಲ್ಲಿ ಗಾಳಿ ಎಳೆದುಕೊಳ್ಳಲು ಒದ್ದಾಡುತ್ತದೆ, ಆ ಒದ್ದಾಟಕ್ಕೂ ಪೆಟ್ರೋಲ್ ಬೇಕು. ಅರ್ಧಕ್ಕಿಂತ ತುಸು ಹೆಚ್ಚು ಒತ್ತಿ, ಪೆಟ್ರೋಲ್ ಗಾಡಿಯಲ್ಲಿ 2,000–2,500 ಆರ್‌ಪಿಎಂ ಒಳಗೆ ಮೇಲಿನ ಗೇರಿಗೆ ಹೋಗಿ. ಡೀಸೆಲ್ ಆದರೆ 2,000ಕ್ಕೂ ಮೊದಲೇ. 50 ಬರುವಷ್ಟರಲ್ಲಿ ಟಾಪ್ ಗೇರಿನ ಹತ್ತಿರ ಇರಬೇಕು. ಇಂಜಿನ್ ನಡುಗಿದರೆ ಅಥವಾ ಗೊರಗೊರ ಅಂದರೆ ಒಂದು ಗೇರ್ ಇಳಿಸಿ. ಹಟಕ್ಕೆ ಬಿದ್ದು ಮೇಲಿನ ಗೇರಿನಲ್ಲೇ ಎಳೆಸಬೇಡಿ.

ಹಂತ 13: ಬ್ರೇಕ್ ಇಲ್ಲವೇ ಇಲ್ಲ ಅಂದುಕೊಂಡು ಓಡಿಸಿ. ಬ್ರೇಕ್ ಹಾಕಬೇಡಿ ಅಂತಲ್ಲ, ಹಾಕುವ ಸಂದರ್ಭ ಬಾರದಂತೆ ಮುಂದೆ ನೋಡಿ ಅಂತ. 60ರಲ್ಲಿದ್ದ ಸಣ್ಣ ಕಾರನ್ನು ಪೂರ್ತಿ ನಿಲ್ಲಿಸಿ ಮತ್ತೆ 60ಕ್ಕೆ ತರಲು 15–20 ಮಿಲಿ ಲೀಟರ್ ಪೆಟ್ರೋಲ್ ಬೇಕು, ಹೆಚ್ಚು ಕಡಿಮೆ ಒಂದು ದೊಡ್ಡ ಚಮಚ. ನಮ್ಮ ರಸ್ತೆಗಳಲ್ಲಿ ಊರು ಬಂತು ಅಂದರೆ ಹಂಪ್ಸ್ ಬಂತು ಅಂತಲೇ ಅರ್ಥ. ಓಡಾಡುವ ದಾರಿಯ ಹಂಪ್ಸ್ ಎಲ್ಲೆಲ್ಲಿವೆ ಅಂತ ನಿಮಗೆ ಬಾಯಿಪಾಠ ಇದೆಯಲ್ಲ, ಅದನ್ನು ಬಳಸಿ. ಊರಿನ ಬೋರ್ಡೋ, ಮೊದಲ ಹುಣಸೆಮರವೋ ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆಯಿರಿ. ಗೇರಿನಲ್ಲೇ ಬಿಡಿ, ಕ್ಲಚ್ ಮುಟ್ಟಬೇಡಿ. ಗಾಡಿ ತಾನೇ ನಿಧಾನವಾಗುತ್ತಾ ಹಂಪ್ಸ್ ಮುಟ್ಟುವ ಹೊತ್ತಿಗೆ ಬೇಕಾದ ವೇಗಕ್ಕೆ ಬಂದಿರುತ್ತದೆ. ಹಿಂದೆ ಲಾರಿ ಅಂಟಿಕೊಂಡಿದ್ದರೆ ಬ್ರೇಕ್ ಪೆಡಲನ್ನು ಲೈಟ್ ಹೊತ್ತುವಷ್ಟು ಮಾತ್ರ ಮುಟ್ಟಿ, ಹಿಂದಿನವನಿಗೆ ಗೊತ್ತಾಗಲಿ.

ಹಂತ 14: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ. ಅಪ್ಪ, ದೊಡ್ಡಪ್ಪ, ಹಳೆಯ ಡ್ರೈವರುಗಳು ಎಲ್ಲರೂ ಮಾಡುತ್ತಿದ್ದರು. ಅವರ ಕಾಲಕ್ಕೆ ಅದು ಸರಿಯೇ. ಕಾರ್ಬುರೇಟರ್ ಗಾಡಿ ಗೇರಿನಲ್ಲಿದ್ದರೂ ಪೆಟ್ರೋಲ್ ಕುಡಿಯುತ್ತಿತ್ತು. ಈಗಿನ ಫ್ಯೂಯೆಲ್ ಇಂಜೆಕ್ಷನ್ ಇಂಜಿನ್‌ನಲ್ಲಿ, ಗೇರಿನಲ್ಲಿರುವಾಗ ಕಾಲು ತೆಗೆದರೆ ಇಂಜೆಕ್ಟರ್‌ಗಳು ಪೂರ್ತಿ ಮುಚ್ಚಿಕೊಳ್ಳುತ್ತವೆ, ಖರ್ಚು ಸೊನ್ನೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆಫ್ ಆಗದಿರಲಿ ಅಂತ ಕಂಪ್ಯೂಟರ್ ಮತ್ತೆ ಪೆಟ್ರೋಲ್ ಬಿಡುತ್ತದೆ. ಉಳಿಸಲು ಹೋಗಿ ಖರ್ಚು ಮಾಡಿದಂತಾಯಿತು. ಇನ್ನು ಇಂಜಿನ್ ಆಫ್ ಮಾಡಿ ಇಳಿಯುವುದಂತೂ ಬೇಡವೇ ಬೇಡ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ, ಕೀ ಹೊರಗೆ ಬಂದರೆ ಲಾಕೂ ಆಗಬಹುದು. ‘ಪಲ್ಸ್ ಅಂಡ್ ಗ್ಲೈಡ್’ ಅಂತ ಹೈಪರ್‌ಮೈಲಿಂಗ್‌ನ ದೊಡ್ಡ ವಿದ್ಯೆಯೊಂದಿದೆ: ವೇಗ ಏರಿಸಿ ನ್ಯೂಟ್ರಲ್‌ನಲ್ಲಿ ತೇಲುವುದು, ಮತ್ತೆ ಏರಿಸುವುದು. ಕೆಲಸ ಮಾಡುತ್ತದೆ. ಆದರೆ ಎಮ್ಮೆ, ಕುರಿಮಂದೆ, ರಾಂಗ್ ಸೈಡ್ ಟ್ರ್ಯಾಕ್ಟರ್ ಇರುವ ರಸ್ತೆಗೆ ಅದು ತಕ್ಕದ್ದಲ್ಲ.

ಹಂತ 15: ಏರಿನಲ್ಲಿ ವೇಗ ಇಳಿಯಲು ಬಿಡಿ. ಗುಡ್ಡದ ಏರು ಹತ್ತುವಾಗ 60 ಇದ್ದದ್ದು 50ಕ್ಕೆ ಬಂದರೆ ಬರಲಿ, ಆಕ್ಸಿಲರೇಟರ್ ಇದ್ದಲ್ಲೇ ಇರಲಿ. ಆಚೆ ಇಳಿಯುವಾಗ ಗಾಡಿಯೇ ಆ ಹತ್ತನ್ನು ವಾಪಸು ಕೊಡುತ್ತದೆ. ಹಿಂದಿನವರು ಹಾರ್ನ್ ಹೊಡೆದರೆ ಎಡಕ್ಕೆ ಸರಿದು ದಾರಿ ಬಿಡಿ, ಅವರ ಜೊತೆ ರೇಸ್ ಬೇಡ.

ಹಂತ 16: 60ರ ಆಸುಪಾಸಿನಲ್ಲಿ ನಿಲ್ಲಿ. ಪೆಟ್ರೋಲಿಯಂ ಉಳಿತಾಯಕ್ಕೆಂದೇ 1978ರಲ್ಲಿ ಹುಟ್ಟಿದ ಪಿಸಿಆರ್‌ಎ ಹೇಳುತ್ತಾ ಬಂದಿರುವ ವೇಗ 45ರಿಂದ 55. ಶಿರಾ ದಾರಿಯಲ್ಲಿ ಹೋಗಿ ಅಲ್ಲಿ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಸೇರಿದ ಮೇಲೆ ಅಷ್ಟು ನಿಧಾನ ಹೋದರೆ ಅಪಾಯ ಅನ್ನುವುದೂ ನಿಜ, ಅಲ್ಲಿ 70–80 ಇಟ್ಟುಕೊಂಡು ಎಡ ಲೇನ್‌ನಲ್ಲಿ ಹೋಗಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 60ರಿಂದ 90ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ತಡೆ ಎರಡೂಕಾಲು ಪಟ್ಟು.

ಗಾಳಿ, ಬಿಸಿಲು, ಹೊತ್ತು

ಹಂತ 17: ಆಷಾಢದಲ್ಲಿ ಗಾಳಿ ನೋಡಿ ಹೊರಡಿ. ಇದು ನಮ್ಮ ಸೀಮೆಗೇ ವಿಶೇಷವಾದ ಉಪಾಯ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೀಸುವ ರಭಸ ನಿಮಗೆ ಗೊತ್ತೇ ಇದೆ, ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಪಾವಗಡದಿಂದ ಶಿರಾ ನೈಋತ್ಯಕ್ಕಿದೆ, ಅಂದರೆ ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನ ಗಾಳಿ. 20 ಕಿ.ಮೀ. ವೇಗದ ಎದುರು ಗಾಳಿಯಲ್ಲಿ 60ರಲ್ಲಿ ಹೋಗುವ ಕಾರು 80ರ ಗಾಳಿಯನ್ನೇ ಸೀಳಬೇಕು. ಬೆಳಗಿನ ಜಾವ ಗಾಳಿ ಸಾಮಾನ್ಯವಾಗಿ ಕಡಿಮೆ, ಮಧ್ಯಾಹ್ನ ಜೋರು. ಬೆಳಗ್ಗೆ ಬೇಗ ಹೋಗಿ ಸಂಜೆ ಬನ್ನಿ. ಸಾಧ್ಯವಾಗದಿದ್ದರೆ ಎದುರು ಗಾಳಿಯಲ್ಲಿ ವೇಗವನ್ನಾದರೂ ಹತ್ತು ಕಡಿಮೆ ಮಾಡಿ.

ಹಂತ 18: ಎ.ಸಿ. ಹಾಕುವ ಮೊದಲು ಬಿಸಿ ಗಾಳಿ ಓಡಿಸಿ. ಬಿಸಿಲಲ್ಲಿ ನಿಂತ ಕಾರಿನ ನಾಲ್ಕೂ ಕಿಟಕಿ ಇಳಿಸಿ ಒಂದೆರಡು ನಿಮಿಷ ಓಡಿಸಿ, ಆಮೇಲೆ ಕಿಟಕಿ ಏರಿಸಿ ಎ.ಸಿ. ಹಾಕಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ. ಊರೊಳಗೆ ನಿಧಾನಕ್ಕೆ ಹೋಗುವಾಗ ಕಿಟಕಿ, ಹೆದ್ದಾರಿಯಲ್ಲಿ ಎ.ಸಿ. ಆದರೆ ನಲವತ್ತು ಡಿಗ್ರಿಯಲ್ಲಿ ಮಕ್ಕಳನ್ನೋ ವಯಸ್ಸಾದವರನ್ನೋ ಕೂರಿಸಿಕೊಂಡು ಪೆಟ್ರೋಲ್ ಉಳಿಸುವ ಸಾಹಸ ಬೇಡ.

ಹಂತ 19: ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಾದರೆ ಆಫ್ ಮಾಡಿ. ಸಣ್ಣ ಕಾರು ನಿಂತಲ್ಲೇ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ, ಎ.ಸಿ. ಇದ್ದರೆ ಇನ್ನೂ ಜಾಸ್ತಿ. ಶನಿವಾರ ಪಾವಗಡದ ಶನಿಮಹಾತ್ಮ ದೇವಸ್ಥಾನದ ಬೀದಿಯಲ್ಲಿ ಯಾರಿಗೋ ಕಾಯುತ್ತಾ ಇಂಜಿನ್ ಆನ್ ಇಟ್ಟು ಕೂತವರಿಗೆ ಈ ಮಾತು. ಡೀಸೆಲ್ ಟರ್ಬೋ ಗಾಡಿಯನ್ನು ಜೋರಾಗಿ ಓಡಿಸಿ ಬಂದಿದ್ದರೆ ಮಾತ್ರ ಮೊದಲು ಅರ್ಧ ನಿಮಿಷ ಹಾಗೇ ಬಿಟ್ಟು ಆಮೇಲೆ ಆಫ್ ಮಾಡಿ.

ಹಂತ 20: ದೂರದ ಕೆಲಸ ಮೊದಲು ಮುಗಿಸಿ. ತಣ್ಣಗಿರುವ ಇಂಜಿನ್ ಮೊದಲ ಕೆಲವು ಕಿಲೋಮೀಟರ್ ವಿಪರೀತ ಕುಡಿಯುತ್ತದೆ. ಮನೆ ಪಕ್ಕದ ಅಂಗಡಿ, ಆಮೇಲೆ ಬ್ಯಾಂಕ್, ಆಮೇಲೆ ತಾಲ್ಲೂಕು ಕಚೇರಿ ಅಂತ ಅಲ್ಲಲ್ಲೇ ನಿಲ್ಲಿಸುತ್ತಾ ಹೋದರೆ ಅದು ಬಿಸಿಯಾಗುವುದೇ ಇಲ್ಲ. ನೇರ ದೂರದ ಜಾಗಕ್ಕೆ ಹೋಗಿ, ಬರುತ್ತಾ ಒಂದೊಂದೇ ಕೆಲಸ ಮುಗಿಸಿ. ಮನೆಗೆ ಬಂದಾಗ ಗಾಡಿಯನ್ನು ರಿವರ್ಸ್‌ನಲ್ಲಿ, ಮೂತಿ ಬೀದಿಗೆ ಮುಖವಾಗಿ, ಹೊಂಗೆ ನೆರಳಿನಲ್ಲಿ ನಿಲ್ಲಿಸಿ. ಹಿಂದೆ ಮುಂದೆ ಮಾಡುವ ಕೆಲಸ ಇಂಜಿನ್ ಬಿಸಿ ಇದ್ದಾಗಲೇ ಮುಗಿದಿರುತ್ತದೆ.

ಹಂತ 21: ಗಡಿ ದಾಟುವ ಮೊದಲು ತುಂಬಿಸಿ. ಇದು ಮೈಲೇಜ್ ಅಲ್ಲ, ದುಡ್ಡಿನ ಲೆಕ್ಕ. ಪಾವಗಡಕ್ಕೆ ಮೂರು ಕಡೆ ಆಂಧ್ರ, ಅಲ್ಲಿ ಪೆಟ್ರೋಲ್ ದರ ನಮ್ಮಲ್ಲಿಗಿಂತ ಲೀಟರಿಗೆ ಹಲವು ರೂಪಾಯಿ ಹೆಚ್ಚು. ಕಲ್ಯಾಣದುರ್ಗಕ್ಕೋ ಮಡಕಶಿರಾಕ್ಕೋ ಹಿಂದೂಪುರಕ್ಕೋ ಹೊರಟರೆ ಈ ಕಡೆಯೇ ಹಾಕಿಸಿಕೊಂಡು ಹೋಗಿ.

ಬೇಕಾದವರಿಗೆ ಮಾತ್ರ: ಓಬಿಡಿ ಸ್ಕ್ಯಾನರ್

ಹಂತ 22: ಗಾಡಿಯ ಕಂಪ್ಯೂಟರನ್ನು ಓದುವ, ‘ಇಎಲ್‌ಎಂ327’ ಎಂಬ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ತೆಗೆದುಕೊಳ್ಳಿ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಬಗ್ಗಿ ನೋಡಿದರೆ ಹದಿನಾರು ತೂತಿನ ಪೋರ್ಟ್ ಕಾಣುತ್ತದೆ, ಅದಕ್ಕೆ ಚುಚ್ಚಿ. ಒಂದೇ ದಿಕ್ಕಿನಲ್ಲಿ ಕೂರುತ್ತದೆ, ಬಲವಂತ ಬೇಡ. ಫೋನಿನಲ್ಲಿ ‘ಟಾರ್ಕ್’ ತರಹದ ಆ್ಯಪ್ ಹಾಕಿ ಜೋಡಿಸಿದರೆ ಆ ಕ್ಷಣದ ಮೈಲೇಜ್ ಓದಬಹುದು. ಹಂತ 14 ನಂಬದವರು ಇಳಿಜಾರಿನಲ್ಲಿ ಪಕ್ಕದಲ್ಲಿ ಕೂತವರಿಗೆ ಫೋನ್ ಕೊಟ್ಟು ಓದಲು ಹೇಳಿ. ಓಡಿಸುತ್ತಾ ನೀವೇ ನೋಡಬೇಡಿ. ಮನೆಗೆ ಬಂದ ಮೇಲೆ ಕಿತ್ತಿಡಿ, ಇಲ್ಲದಿದ್ದರೆ ಬ್ಯಾಟರಿ ಇಳಿಯುತ್ತದೆ. ಇದೇ ಪೋರ್ಟಿಗೆ ಚುಚ್ಚಿದರೆ ಮೈಲೇಜ್ ಏರಿಸುತ್ತೇನೆ ಅನ್ನುವ ಹಸಿರು ಡಬ್ಬಿಯೂ ಮಾರಾಟಕ್ಕಿದೆ. ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಮಿನುಗುವ ಎಲ್‌ಇಡಿ ಮಾತ್ರ.

ಮಾಡಬಾರದವು

ಪೆಟ್ರೋಲ್ ಪೈಪಿಗೆ ಮ್ಯಾಗ್ನೆಟ್, ಟ್ಯಾಂಕಿಗೆ ನುಸಿಗುಳಿಗೆ, ಅಸಿಟೋನ್, ನೀರಿನಿಂದ ಹೈಡ್ರೋಜನ್ ತೆಗೆಯುವ ‘ಎಚ್‌ಎಚ್‌ಒ ಕಿಟ್’, ಯಾವುದೂ ಬೇಡ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ, ಹೇಳಿಕೊಳ್ಳುವಷ್ಟು ಉಳಿತಾಯ ಯಾವುದರಿಂದಲೂ ಆಗಲಿಲ್ಲ. ಎಚ್‌ಎಚ್‌ಒ ಕಿಟ್ಟಿಗೆ ಕರೆಂಟ್ ಕೊಡುವುದು ಆಲ್ಟರ್ನೇಟರ್, ಆಲ್ಟರ್ನೇಟರ್ ತಿರುಗಿಸುವುದು ಅದೇ ಪೆಟ್ರೋಲ್. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆ ಅಂತ ದೇಶವನ್ನೇ ಬೆರಗಾಗಿಸಿದ್ದು ನೆನಪಿರಬಹುದು. 2016ರಲ್ಲಿ ಚೆನ್ನೈನ ನ್ಯಾಯಾಲಯ ಅವರಿಗೆ ಶಿಕ್ಷೆ ವಿಧಿಸಿತು.

ಹೊಂಗೆ ಎಣ್ಣೆಯ ಮಾತು ಬೇರೆ, ಅದು ಮೋಸವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಡೀಸೆಲ್ ಇಂಜಿನ್ ಓಡಿಸಿ ತೋರಿಸಿದರು, ದಾಂಡೇಲಿ ಫೆರೋಅಲಾಯ್ಸ್ ಕಾರ್ಖಾನೆಯವರು ತಮ್ಮ ಜನರೇಟರ್‌ಗಳನ್ನೇ ಅದರಲ್ಲಿ ಓಡಿಸಿದರು. ಆದರೆ ಅವು ನಿಂತಲ್ಲೇ ಓಡುವ ದಪ್ಪ ಇಂಜಿನ್‌ಗಳು. ಇಂದಿನ ಕಾಮನ್ ರೈಲ್ ಡೀಸೆಲ್ ಕಾರಿನ ಇಂಜೆಕ್ಟರ್ ಕೂದಲೆಳೆಯಷ್ಟು ಸಣ್ಣ ತೂತಿನದು, ಗಾಣದ ಎಣ್ಣೆ ಹಾಕಿದರೆ ಕಟ್ಟಿಕೊಳ್ಳುತ್ತದೆ. ಹೊಲದ ಬದುವಿನ ಹೊಂಗೆ ನೆರಳಿಗಿರಲಿ.

ಚಳಿ ದೇಶದವರು ಗಾಡಿಯ ಮುಂದಿನ ಗ್ರಿಲ್‌ಗೆ ರಟ್ಟು ಮುಚ್ಚುತ್ತಾರೆ. ಇಲ್ಲಿ ಮಾಡಿದರೆ ಮಧುಗಿರಿ ಮುಟ್ಟುವ ಮೊದಲೇ ಇಂಜಿನ್ ಕುದಿಯುತ್ತದೆ.

ಕಾರಿನ ಮೇಲೆ ಸೋಲಾರ್ ಪ್ಯಾನೆಲ್? ತಿರುಮಣಿಯಲ್ಲಿ ಈ ಪ್ರಶ್ನೆ ಬರದೇ ಇರುವುದಿಲ್ಲ. ಐದು ಹಳ್ಳಿಗಳ ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಕಣ್ಣೆದುರೇ ಹರಡಿಕೊಂಡಿರುವಾಗ ಕೇಳುವುದು ಸಹಜ. ಲೆಕ್ಕ ನೋಡಿ: ಕಾರಿನ ತಲೆ ಮೇಲೆ ಹಿಡಿಸುವುದು 300 ವ್ಯಾಟ್ ಆಸುಪಾಸು. ಸಣ್ಣ ಕಾರು 60ರಲ್ಲಿ ಓಡಲು ಚಕ್ರಕ್ಕೆ ಸುಮಾರು 4,000 ವ್ಯಾಟ್ ಬೇಕು. ಮೇಲಿಂದ ಪ್ಯಾನೆಲ್ಲಿನ ತೂಕ, ಗಾಳಿಯ ತಡೆ. ಹಂತ 9ರಲ್ಲಿ ಬಿಚ್ಚಿದ ಕ್ಯಾರಿಯರನ್ನು ಮತ್ತೆ ಹಾಕಿದಂತೆ.

ಕೊನೆಯ ಹಂತ

ಹಂತ 23: ಸೀಟು ತುಂಬಿಸಿ. ಮೇಲಿನ ಎಲ್ಲ ಹಂತಗಳನ್ನು ಚಾಚೂ ತಪ್ಪದೆ ಮಾಡಿದರೂ 18 ಇದ್ದದ್ದು 21–22 ಆದರೆ ಅದೇ ದೊಡ್ಡದು. ತುಮಕೂರಿಗೆ ಒಬ್ಬರೇ ಹೋಗುವ ಬದಲು ನಾಲ್ಕು ಜನ ಹೋದರೆ, ಗಾಡಿಯ ಮೈಲೇಜ್ ತುಸು ಇಳಿದು 17 ಆದರೂ, ತಲೆ ಲೆಕ್ಕದಲ್ಲಿ ಲೀಟರಿಗೆ 68. ಯಾವ ಉಪಕರಣವೂ ಇಷ್ಟು ಕೊಡುವುದಿಲ್ಲ. ಹಿಂದಿನ ದಿನವೇ ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ಹೊರಡುವ ಹೊತ್ತು, ಬರುವ ಹೊತ್ತು ಎರಡನ್ನೂ ಬರೆಯಿರಿ. ಬರುವ ಹೊತ್ತು ಬರೆಯದಿದ್ದರೆ ತುಮಕೂರಿನಲ್ಲಿ ಒಬ್ಬರಿಗಾಗಿ ಮೂವರು ಕಾಯುತ್ತಾ ಎ.ಸಿ. ಹಾಕಿಕೊಂಡು ಕೂರಬೇಕಾಗುತ್ತದೆ. ಪೆಟ್ರೋಲ್ ಖರ್ಚನ್ನು ಗೆಳೆಯರು ಹಂಚಿಕೊಂಡರೆ ತೊಂದರೆಯಿಲ್ಲ. ಆದರೆ ಬಿಳಿ ಬೋರ್ಡ್ ಗಾಡಿಯಲ್ಲಿ ತಲೆಗಿಷ್ಟು ಅಂತ ಬಾಡಿಗೆ ವಸೂಲಿ ಶುರು ಮಾಡಬೇಡಿ. ಅದಕ್ಕೆ ಪರ್ಮಿಟ್ ಬೇಕು, ಆರ್‌ಟಿಒ ಕೈಗೆ ಸಿಕ್ಕರೆ ವರ್ಷವಿಡೀ ಉಳಿಸಿದ ಪೆಟ್ರೋಲ್ ದುಡ್ಡು ಒಂದೇ ರಸೀದಿಯಲ್ಲಿ ಹೋಗುತ್ತದೆ.